ಹಳೆಯ ಕಾರಿನ ಎಡಮಗ್ಗುಲು

ನನ್ನ ಕಾರಿಗೆ ಹದಿನೈದು ತುಂಬಿದ ವರ್ಷ ನಮ್ಮ ಮನೆಯಲ್ಲಿ ಎರಡು ಪಕ್ಷಗಳಾದವು. ಮನೆಯಲ್ಲಿರುವವರೇ ಇಬ್ಬರು, ಹಾಗಾಗಿ ಪಕ್ಷಕ್ಕೊಬ್ಬರು. ಹದಿನೈದು ತುಂಬಿದ ಗಾಡಿಯನ್ನು ಆರ್‌ಟಿಓದವರಿಗೆ ಮತ್ತೆ ತೋರಿಸಿ, ಇನ್ನೂ ರಸ್ತೆಗೆ ಯೋಗ್ಯವಾಗಿದೆ ಎಂದು ಬರೆಸಿಕೊಳ್ಳಬೇಕು. ಪುಣೆಯಲ್ಲಿ ಇದಕ್ಕೆ ಪಾಸಿಂಗ್ ಎನ್ನುತ್ತಾರೆ. ಪಾಸಿಂಗ್ ಆಗಬೇಕಾದರೆ ಮೊದಲು ರಿಪೇರಿ ಆಗಬೇಕು. ರಿಪೇರಿ ಮಾಡಿಸಿ ಇದನ್ನೇ ಇಟ್ಟುಕೊಳ್ಳೋಣ ಎಂಬುದು ನನ್ನ ಪಕ್ಷ. ಇದನ್ನು ಕೊಟ್ಟು ದಸರೆಗೆ ಹೊಸದು ತರೋಣ ಎಂಬುದು ನನ್ನ ಹೆಂಡತಿಯದು.

"ದಿವೆ ಘಾಟಿನ್ಯಾಗ ಎರಡು ತಾಸು ಬಿಸಲಾಗ ಕುಂದರಿಸಿತ್ತು ಈ ಗಾಡಿ. ಮರತೀರೇನು?" ಎಂದಳು.

"ಅದು ಪೈಪ್ ಒಡದಿತ್ತು. ಪೈಪ್ ಹೊಸಾದು ಹಾಕಿಸ್ಯೇನಿ."

"ಏಸಿ?"

"ಕಿಟಕಿ ಅದಾವಲ್ಲ."

ವಾದದಲ್ಲಿ ನಾನು ಸೋಲುವವನಲ್ಲ. ಮೂವತ್ತು ವರ್ಷದ ಹಿಂದೆ ವಿಜಯಪುರದ ಕಡೆಯಿಂದ ಇಲ್ಲಿಗೆ ಬಂದು, ಸಕ್ಕರೆ ಕಾರ್ಖಾನೆಗಳಿಗೂ ಬೆಲ್ಲದ ಗಾಣಗಳಿಗೂ ಚೀಲ ಹೊಲಿಯುವ ಸುತಳಿ, ಸರಕು ಮುಚ್ಚುವ ತಾಡಪತ್ರಿ ಮಾರಿ ಬದುಕಿದವನು. ಬೇಡ ಎನ್ನುವವರ ಮುಂದೆ ಕೂತು ಮಾತಾಡಿ ಅಭ್ಯಾಸವಿದೆ. ಹಳೆಯ ಗಾಡಿಯ ತಗಡು ಗಟ್ಟಿ, ಈಗಿನವು ಬೆರಳಿನಿಂದ ಒತ್ತಿದರೆ ಒಳಗೆ ಹೋಗುತ್ತವೆ ಎಂದೆ. ಹಳೆಯದನ್ನು ಯಾವ ಮಿಸ್ತ್ರಿಯಾದರೂ ಬಿಚ್ಚಬಲ್ಲ, ಹೊಸದಕ್ಕೆ ಕಂಪ್ಯೂಟರ್ ಬೇಕು ಎಂದೆ. ಇವೆಲ್ಲ ಸುಳ್ಳಲ್ಲ. ಆದರೆ ನನ್ನ ನಿಜವಾದ ಕಾರಣ ಇವುಗಳಲ್ಲಿ ಯಾವುದೂ ಅಲ್ಲ.

ನಿಜವಾದ ಕಾರಣವೆಂದರೆ, ನನ್ನ ಎಡಗಣ್ಣು ಮಂಜಾಗುತ್ತ ಬಂದಿತ್ತು. ಎದುರಿಗಿರುವುದು ಕಾಣುತ್ತಿತ್ತು, ಎಡಪಕ್ಕದಲ್ಲಿ ಇರುವುದು ಕಾಣುತ್ತಿರಲಿಲ್ಲ. ಊಟಕ್ಕೆ ಕೂತರೆ ಎಡಗಡೆ ಇಟ್ಟ ನೀರಿನ ಲೋಟ ಉರುಳಿಸುತ್ತಿದ್ದೆ. ಯಾರಿಗೂ ಹೇಳಿರಲಿಲ್ಲ, ವೈದ್ಯರಿಗೂ ತೋರಿಸಿರಲಿಲ್ಲ. ತೋರಿಸಿದರೆ ಏನು ಹೇಳುತ್ತಾರೆಂದು ಗೊತ್ತಿದ್ದವನಿಗೆ ತೋರಿಸುವ ಆತುರ ಇರುವುದಿಲ್ಲ. ಗುರುವಾರಕ್ಕೊಮ್ಮೆ ಬಾರಾಮತಿಗೆ ಹೋಗಿ ಆರ್ಡರ್ ಹಿಡಿಯುವುದೇ ನನ್ನ ವ್ಯಾಪಾರ. ಗಾಡಿ ಬಿಟ್ಟರೆ ಗುರುವಾರ ಇಲ್ಲ, ಗುರುವಾರ ಇಲ್ಲದಿದ್ದರೆ ನಾನು ಮನೆಯಲ್ಲಿ ಕೂತು ಟಿವಿ ನೋಡುವ ಮುದುಕ. ಹಳೆಯ ಕಾರನ್ನು ನಾನು ನೋಡಿ ಓಡಿಸುತ್ತಿರಲಿಲ್ಲ, ಅದು ಮೈಗೇ ಗೊತ್ತಿತ್ತು. ಅದರ ಮೂತಿ ಎಲ್ಲಿ ಮುಗಿಯುತ್ತದೆ, ಎಡಗಡೆ ಚಕ್ರ ಎಲ್ಲಿದೆ ಎಂಬುದು ಸ್ವಂತ ಕಾಲಿನ ಬೆರಳು ಎಲ್ಲಿದೆ ಎಂಬಷ್ಟೇ ತಿಳಿದಿತ್ತು. ಹೊಸ ಗಾಡಿಯಲ್ಲಿ ಎಲ್ಲವನ್ನೂ ಮೊದಲಿನಿಂದ ಕಣ್ಣಿನಲ್ಲೇ ಕಲಿಯಬೇಕು. ಒಂದೇ ವಾರದಲ್ಲಿ ನನ್ನ ಗುಟ್ಟು ರಟ್ಟಾಗುತ್ತಿತ್ತು.

ನಮ್ಮ ಸೊಸೈಟಿ, ಅಂದರೆ ಅಪಾರ್ಟ್ಮೆಂಟ್, ಮಗರಪಟ್ಟಾಕ್ಕೆ ಹತ್ತಿರ, ಕೆಳಗೆ ಪಾರ್ಕಿಂಗ್, ಕಂಬಗಳಿಗೆಲ್ಲ ಹಳದಿ-ಕಪ್ಪು ಪಟ್ಟಿ. ನನ್ನ ಜಾಗದ ಎಡಕ್ಕೆ ಒಂದು ಕಂಬವಿದೆ. ಮೇಲಿನ ಪೈಪಿಗೆ ನಾನೊಂದು ಸುತಳಿ ಉಂಡೆ ಇಳಿಬಿಟ್ಟಿದ್ದೆ. ಅದು ಮುಂದಿನ ಗಾಜಿಗೆ ತಾಗಿತೆಂದರೆ ಬ್ರೇಕ್ ಒತ್ತಬೇಕು, ಗಾಡಿ ಮುಂದಿನ ಗೋಡೆಗೆ ತಾಗದೆ ಸರಿಯಾಗಿ ನಿಲ್ಲುತ್ತಿತ್ತು. ನೋಡಿದವರೆಲ್ಲ ಮೆಚ್ಚಿದರು. ನಾಲ್ಕಾರು ಜನ ತಮಗೂ ಸುತಳಿ ಕೇಳಿ ಪಡೆದರು. ಆದರೆ ಸುತಳಿ ಉಂಡೆ ಮುಂದಿನದನ್ನು ಹೇಳುತ್ತದೆ, ಎಡಗಡೆಯದನ್ನು ಹೇಳುವುದಿಲ್ಲ.

ಹೆಂಡತಿಗೆ ಒಂದು ಚಾಳಿ ಇತ್ತು, ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕಾರಿನಲ್ಲಿ ಪಕ್ಕದಲ್ಲಿ ಕೂತಳೆಂದರೆ ದಾರಿಯಲ್ಲಿ ಕಂಡದ್ದನ್ನೆಲ್ಲ ಓದುವುದು. "ರಸವಂತಿ ಗೃಹ, ಕಬ್ಬಿನ ಹಾಲು. ಅಲ್ಲೊಬ್ಬ ಸೀತಾಫಲ ಇಟಗೊಂಡು ಕುಂತಾನ್ರಿ. ಪಂಕ್ಚರ್ ಅಂಗಡಿ. ಆ ಬಸ್ ನೋಡ್ರಿ, ಒಳಗ ಬರಾಕ ಹತ್ತೇತಿ." ಒಂದು ಗಳಿಗೆ ಬಾಯಿಗೆ ಬಿಡುವಿಲ್ಲ. ರವಿವಾರ ದೇವರಿಗೆ ಹೊರಟರೆ ಸಾಸವಡ ದಾಟುವುದರೊಳಗೆ ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು. "ಬಾಲವಾಡಿ ಹುಡುಗಿಗತೆ ಬೋರ್ಡ್ ಓದಬ್ಯಾಡ" ಎಂದು ಎಷ್ಟೋ ಸಲ ಗದರಿದ್ದೇನೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಶುರುಮಾಡುತ್ತಿದ್ದಳು.

ಮಳೆಗಾಲದ ಒಂದು ಬೆಳಿಗ್ಗೆ ಕೆಳಗಿಳಿದು ನೋಡಿದರೆ ಕಾರಿನ ಎಡಗಡೆ ಹಿಂಬಾಗಿಲಿನ ಮೇಲೆ ಮೊಳದುದ್ದ ಗೀರು, ಜೊತೆಗೊಂದು ತಗ್ಗು. ಆ ಪಕ್ಕದಲ್ಲಿ ಕಂಬ ಮತ್ತು ನನ್ನ ಕಾರಿನ ನಡುವಿನ ಸಂದಿಯ ತುದಿಗೆ ಮೇಲಿನ ಮನೆಯವನ ಬೈಕ್ ನಿಂತಿರುತ್ತಿತ್ತು. ಅವನು ಮಂಡ್ಯದ ಕಡೆಯವನು, ಮಗರಪಟ್ಟಾದ ಕಂಪನಿಯಲ್ಲಿ ಕೆಲಸ, ಮದುವೆಯಾಗಿ ಎರಡು ವರ್ಷ. ಇಡೀ ಸೊಸೈಟಿಯಲ್ಲಿ ಕನ್ನಡದವರೆಂದರೆ ನಮ್ಮದು ಅವರದು ಎರಡೇ ಮನೆ. ಅವರ ಮಾತು ನಮಗೆ ಮೆತ್ತಗೆ, ನಮ್ಮ ಮಾತು ಅವರಿಗೆ ಜಗಳದ ಹಾಗೆ ಕೇಳಿಸುತ್ತದೆಯಂತೆ. ಆದರೂ ಸ್ಟೀಲ್ ಡಬ್ಬಿಗಳು ಮೇಲಕ್ಕೂ ಕೆಳಕ್ಕೂ ಓಡಾಡುತ್ತಿದ್ದವು. ನಮ್ಮಿಂದ ಶೇಂಗಾ ಹೋಳಿಗೆ ಹೋದರೆ ಅದೇ ಡಬ್ಬಿಯಲ್ಲಿ ಪುಳಿಯೋಗರೆ ಬರುತ್ತಿತ್ತು. ಡಬ್ಬಿಯನ್ನು ಖಾಲಿ ಕಳಿಸಬಾರದೆಂಬ ವಿಷಯದಲ್ಲಿ ಎರಡೂ ಕಡೆಯವರು ಒಂದೇ.

ಅವನು ಆಫೀಸಿಗೆ ಹೊರಟವನನ್ನು ನಾನು ಅಲ್ಲೇ ತಡೆದು ನಿಲ್ಲಿಸಿದೆ. "ಏನಪಾ ಇದು?" ಎಂದೆ.

"ನಾನಲ್ಲ ಅಂಕಲ್. ನನ್ನ ಬೈಕ್ ಅಷ್ಟು ಹತ್ರಾನೇ ಬರಲ್ಲ."

"ಮತ್ತ ಕಂಬ ನಡಕೊಂತ ಬಂದು ತಾಗಿಸಿ ಹೋತೇನು?"

ಸುತ್ತ ನಾಲ್ಕು ಜನ ನಿಂತರು. ಜನ ನಿಂತರೆ ನನ್ನ ದನಿ ಏರುತ್ತದೆ, ಅದು ಹುಟ್ಟುಗುಣ. ಅವರಿಗೆ ತಿಳಿಯಲೆಂದು ಅದನ್ನೇ ಮರಾಠಿಯಲ್ಲಿ ಇನ್ನೊಮ್ಮೆ ಹೇಳಿದೆ. ಮನೆಯ ಮಾತನ್ನು ಹೊರಗಿನವರ ಭಾಷೆಯಲ್ಲಿ ಹೇಳಬಾರದಿತ್ತು. ಅವನ ಮುಖ ಕೆಂಪಾಯಿತು. ಬೈಕಿನ ಹ್ಯಾಂಡಲ್ಲನ್ನೂ ನನ್ನ ಬಾಗಿಲನ್ನೂ ಎರಡು ಸಲ ನೋಡಿದ. "ಸಾರಿ ಅಂಕಲ್, ನಾಳೆಯಿಂದ ಬೇರೆ ಕಡೆ ನಿಲ್ಲಿಸ್ತೀನಿ" ಎಂದು ಹೊರಟುಹೋದ. ತಪ್ಪು ಒಪ್ಪಿಕೊಂಡ ಎಂದು ನಾನು ಎಲ್ಲರಿಗೂ ಹೇಳಿದೆ. ಮಾರನೆಯ ದಿನದಿಂದ ಅವನ ಬೈಕ್ ಗೇಟಿನ ಪಕ್ಕದ ಬಯಲಿನಲ್ಲಿ, ಮಳೆಯಲ್ಲಿ, ಮೇಲೊಂದು ಪ್ಲಾಸ್ಟಿಕ್ ಹೊದ್ದು ನಿಂತಿರುತ್ತಿತ್ತು. ನೋಡಿ ನನಗೆ ಸಮಾಧಾನವೇ ಆಗಿತ್ತು. ಅವರ ಮನೆಯ ಸ್ಟೀಲ್ ಡಬ್ಬಿಯೊಂದು ನಮ್ಮ ಅಡುಗೆಮನೆಯಲ್ಲಿ ಉಳಿದುಹೋಯಿತು. ಅದನ್ನು ಹೆಂಡತಿ ತೊಳೆದು, ಒರೆಸಿ, ಫ್ರಿಜ್ಜಿನ ಮೇಲೆ ಎದ್ದು ಕಾಣುವ ಹಾಗೆ ಇಟ್ಟಳು.

ಮಳೆ ಕಡಿಮೆಯಾದ ಮೇಲೆ ಗಾಡಿಯನ್ನು ರಿಪೇರಿಗೆ ಬಿಟ್ಟೆ. ಹಡಪಸರದ ಕಾಲುವೆ ಪಕ್ಕದಲ್ಲಿ ಒಂದು ಗ್ಯಾರೇಜ್ ಇದೆ. ತಗ್ಗು ಎತ್ತಿ ಬಣ್ಣ ಹಚ್ಚುವವನು ಸೋಲಾಪುರದವನು, ನಮ್ಮಂಥದೇ ಕನ್ನಡ. ಅರವತ್ತರ ಆಸುಪಾಸಿನ ಮನುಷ್ಯ, ಕೆಲಸ ಶುರುಮಾಡುವ ಮೊದಲು ಗಾಡಿಯ ಸುತ್ತ ಅಂಗೈ ಸವರುತ್ತ ಒಂದು ಸುತ್ತು ಬರುತ್ತಾನೆ. ಇಂಜಿನ್ನಿನ ಕೆಲಸ ಬೇಗ ಮುಗಿಯಿತು. ಕ್ಲಚ್ ಬದಲಾಯಿತು, ಚಕ್ರದ ಬೇರಿಂಗ್ ಬದಲಾಯಿತು, ಒಡೆದ ರಬ್ಬರುಗಳೆಲ್ಲ ಹೊಸವಾದವು. ಬಣ್ಣದ ದಿನ ಅವನು ನನ್ನನ್ನು ಕರೆದು ಕೂಡಿಸಿಕೊಂಡ.

ಎಡಬಾಗಿಲಿನ ಗೀರಿನ ಮೇಲೆ ನೀರು ಹಾಕಿ ಮರಳು ಕಾಗದದಿಂದ ತಿಕ್ಕಿದ. ಗೀರಿನೊಳಗಿಂದ ಹಳದಿ ಬಂತು. ಇನ್ನಷ್ಟು ತಿಕ್ಕಿದ. ಅದರ ಕೆಳಗೆ ಕಪ್ಪು, ಅದರ ಪಕ್ಕದಲ್ಲಿ ಮತ್ತೆ ಹಳದಿ.

"ಏನ್ ತಾಗೇತಿ ಅಂದ್ರಿ ಸಾವಕಾರ್ರ?"

"ಬೈಕ್."

"ಬೈಕ್ ಬಣ್ಣ?"

"ಕೆಂಪು."

ಅವನು ಕಾಗದವನ್ನು ಬಕೆಟ್ಟಿನಲ್ಲಿ ಅದ್ದಿ ಹಿಂಡಿದ. "ಕೆಂಪು ಬೈಕು ಹಳದಿ ಬಣ್ಣ ಬಿಟ್ಟು ಹೋಗೂದಿಲ್ರಿ. ಇದು ಕಂಬದ ಬಣ್ಣ. ಮತ್ತ ಒಂದು ಸಲದ್ದಲ್ಲ, ಮೂರು ನಾಲ್ಕು ಸಲ ಅಲ್ಲೇ ತಿಕ್ಕೇತಿ." ಎದ್ದು ನಿಂತು ಗಾಡಿಯನ್ನು ಬಲಗಡೆಯಿಂದ ಎಡಗಡೆಗೆ ಒಮ್ಮೆ ಸುತ್ತಿದ. "ಬಲಮಗ್ಗಲಾ ಹೊಸಾದ್ರ ಹಂಗ ಅದ ನೋಡ್ರಿ. ಹದಿನೈದು ವರ್ಷದ್ದು ಅನಸೂದಿಲ್ಲ. ಹೊಡತ ಎಲ್ಲಾ ಎಡಮಗ್ಗಲದಾಗ. ನಾ ಗಾಡಿ ನೆಟ್ಟಗ ಮಾಡಿ ಕೊಡ್ತೀನಿ. ನೀವು ಕಣ್ಣ ಯಾರಿಗರೆ ತೋರಸ್ರಿ."

"ನೀ ನಿನ್ನ ಕೆಲಸ ಮಾಡು" ಎಂದೆ.

"ಮಾಡಾಕ ಹತ್ತೇನಲ್ರಿ" ಎಂದು ಅವನು ತಗ್ಗು ತುಂಬುವ ಪುಟ್ಟಿ ಕಲಸತೊಡಗಿದ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆಯನ್ನು ನಾನೇ ಎಷ್ಟು ಜನರಿಗೆ ಹೇಳಿ ನಕ್ಕಿದ್ದೇನೆ. ಅಂದು ಸಂಜೆ ಪಾರ್ಕಿಂಗಿಗೆ ಹೋಗಿ ಕಂಬವನ್ನು ನೋಡಿದೆ. ಬಾಗಿಲಿನ ಎತ್ತರಕ್ಕೆ ಸರಿಯಾಗಿ ಬಣ್ಣ ಕಿತ್ತುಹೋಗಿತ್ತು, ಅಲ್ಲಿ ನನ್ನ ಕಾರಿನ ಬೂದುಬಣ್ಣ ಮೆತ್ತಿಕೊಂಡಿತ್ತು. ಇಷ್ಟು ದಿನ ಅದು ಅಲ್ಲೇ ಇತ್ತು. ನನಗೆ ತಾಗಿದ್ದೂ ಗೊತ್ತಾಗಿರಲಿಲ್ಲ ಎಂಬುದು ಎಲ್ಲಕ್ಕಿಂತ ಹೆಚ್ಚು ಹೆದರಿಸಿತು. ಆದರೂ ಮೇಲಿನ ಮನೆಗೆ ಹೋಗಿ ತಪ್ಪಾಯಿತು ಎನ್ನಲಿಲ್ಲ. ಹಾಗೆ ಹೇಳಿದರೆ ಯಾಕೆ ತಾಗಿತು ಎಂಬುದನ್ನೂ ಹೇಳಬೇಕಾಗುತ್ತಿತ್ತು.

ಬದಲಿಗೆ ಹೆಂಡತಿಯ ಸಮಾಧಾನಕ್ಕೆಂದು ಹೊಸ ಗಾಡಿ ನೋಡಲು ಹೋದೆ. ನೋಡಿ ಒಂದು ದೋಷ ಹುಡುಕಿದರೆ ವಾದ ಅಲ್ಲಿಗೇ ಮುಗಿಯುತ್ತದೆ ಎಂಬುದು ನನ್ನ ಲೆಕ್ಕಾಚಾರ. ಶೋರೂಮಿನ ಹುಡುಗಿ ಏಸಿ, ಬಣ್ಣ, ಸೀಟಿನ ಬಟ್ಟೆ ಎಲ್ಲ ತೋರಿಸಿದಳು. ಹೆಂಡತಿ ಅವನ್ನೆಲ್ಲ ತಲೆಯಾಡಿಸಿ ಕೇಳಿಸಿಕೊಂಡು ತನ್ನ ಹರಕುಮುರುಕು ಮರಾಠಿಯಲ್ಲಿ ಒಂದೇ ಪ್ರಶ್ನೆ ಕೇಳಿದಳು: ಪಕ್ಕದಲ್ಲಿ ಯಾರಾದರೂ ಬಂದರೆ ಗಾಡಿ ತಾನೇ ಕೂಗುತ್ತದಂತಲ್ಲ, ಅದು ಎರಡೂ ಕಡೆ ಕೂಗುತ್ತದೆಯೋ? ಎರಡೂ ಕಡೆ ಎಂದಳು ಆ ಹುಡುಗಿ. ಹೆಂಗಸರಿಗೆ ಎಂಥೆಂಥದರ ಮೇಲೋ ಆಸೆ ಎಂದುಕೊಂಡೆ.

ಓಡಿಸಿ ನೋಡಲು ಕೂತೆ. ಹುಡುಗಿ ನನ್ನ ಪಕ್ಕದಲ್ಲಿ, ಹೆಂಡತಿ ಹಿಂದೆ. ಗೇಟು ದಾಟುತ್ತಿದ್ದಂತೆಯೇ ಗಾಡಿ ಪೀಂ ಎಂದಿತು. ಸೋಲಾಪುರ ರಸ್ತೆಗೆ ಬಂದ ಮೇಲೆ ಪೀಂ ಪೀಂ ನಿಲ್ಲಲೇ ಇಲ್ಲ. ಎಡಗಡೆಯ ರಿಕ್ಷಾಕ್ಕೊಮ್ಮೆ, ಎಡಗಡೆಯ ಸ್ಕೂಟರಿಗೊಮ್ಮೆ, ತಳ್ಳುಗಾಡಿಗೊಮ್ಮೆ. "ಸರ್, ಲೆಫ್ಟ್" ಎಂದು ಹುಡುಗಿ ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ ಹೇಳಿದಳು. ಒಂದು ಸಲ ಸ್ಟೀರಿಂಗಿಗೇ ಕೈಹಾಕಿದಳು. ನಾನು ಕೂಗು ಕೇಳಿ, ಏನೆಂದು ತಿರುಗಿ, ಕಂಡ ಮೇಲೆ ಬ್ರೇಕ್ ಒತ್ತುವಷ್ಟರಲ್ಲಿ ಅದು ಮುಂದಿನದಕ್ಕೆ ಕೂಗುತ್ತಿತ್ತು. ಮರಳಿ ಬಂದು ಇಳಿದಾಗ ನನ್ನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಏಸಿ ಚೆನ್ನಾಗಿಯೇ ಇತ್ತು.

ರಿಕ್ಷಾದಲ್ಲಿ ಮನೆಗೆ ಬರುವಾಗ ಹೆಂಡತಿ ಶೋರೂಮಿನವರು ಕೊಟ್ಟ ಕಾಗದವನ್ನು ಮಡಚಿ ಚೀಲದಲ್ಲಿಟ್ಟಳು. ಆಮೇಲೆ, "ಆ ಗಾಡಿ ಬ್ಯಾಡ ಬಿಡ್ರಿ. ಭಾಳ ಒದರತದ" ಎಂದಳು. ನಾನು ಗೆದ್ದೆ. ಗೆದ್ದ ಖುಷಿ ಮಾತ್ರ ಯಾಕೋ ಬರಲಿಲ್ಲ.

ಮರುದಿನ ಒಬ್ಬನೇ ಕಣ್ಣಿನ ವೈದ್ಯರ ಬಳಿ ಹೋದೆ. ಒಂದು ಕಣ್ಣು ಮುಚ್ಚಿ, ಬಿಳಿ ಬಟ್ಟಲಿನಂಥ ಯಂತ್ರದೊಳಗೆ ಮುಖವಿಟ್ಟು, ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತಬೇಕು. ಎಡಗಣ್ಣಿನ ಸರದಿಯಲ್ಲಿ ಚುಕ್ಕೆಗಳು ಬಹಳ ಬಿಡುವು ಕೊಟ್ಟು ಬರುತ್ತಿವೆ, ಯಂತ್ರ ನಿಧಾನವಾಗಿದೆ ಎಂದುಕೊಂಡೆ. ಯಂತ್ರ ನಿಧಾನವಾಗಿರಲಿಲ್ಲ. ಕಾಗದದ ಮೇಲೆ ಎಡಭಾಗವೆಲ್ಲ ಕಪ್ಪಾಗಿ ಬಂದಿತ್ತು. ಕಣ್ಣಿನೊಳಗಿನ ಒತ್ತಡದಿಂದ ನರ ಸತ್ತಿದೆ ಎಂದರು ವೈದ್ಯರು. ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಹನಿ ಹಾಕಿ ಉಳಿಸಿಕೊಳ್ಳಬೇಕು. ಗಾಡಿ ಓಡಿಸುವುದು ಬೇಡ ಎಂದರು. ಹನಿಯ ಸೀಸೆಯನ್ನು ತಂದು ಸುತಳಿ, ತಾಡಪತ್ರಿ ಇಡುವ ನನ್ನ ಸಣ್ಣ ಅಂಗಡಿಯ ಡ್ರಾವರಿನಲ್ಲಿಟ್ಟೆ, ಮನೆಗೆ ಒಯ್ಯಲಿಲ್ಲ.

ಇಷ್ಟಾದ ಮೇಲೂ ಆ ಗುರುವಾರ ಗಾಡಿ ತೆಗೆದುಕೊಂಡು ಬಾರಾಮತಿಗೆ ಹೊರಟೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಇಂಜಿನ್ ಹೊಸದರಂತೆ ಓಡುತ್ತಿತ್ತು. ದಿವೆ ಘಾಟನ್ನು ಒಂದೇ ಉಸಿರಿಗೆ ಹತ್ತಿತು. ಮೋರಗಾಂವ ದಾಟಿ ಸ್ವಲ್ಪ ದೂರ ಹೋಗಿರಬೇಕು, ತೆರೆದ ಕಿಟಕಿಯಿಂದ ಕೊರಳಗಂಟೆ ಕೇಳಿಸಿತು. ಏನೆಂದು ಯೋಚಿಸುವ ಮೊದಲೇ ಕಾಲು ಬ್ರೇಕಿನ ಮೇಲಿತ್ತು. ಗಾಡಿ ನಿಂತ ಮೇಲೆ ಕುರಿಗಳು ಕಂಡವು. ಎಡಗಡೆ ಹೊಲದಿಂದ ರಸ್ತೆಗೆ ಏರಿ ಬರುತ್ತಿದ್ದ ಹಿಂಡು, ಅದರ ಮುಂದೆ ತಲೆಯ ಮೇಲೆ ಗಂಟು ಹೊತ್ತ ಒಬ್ಬ ಹೆಂಗಸು. ಬಂಪರಿನಿಂದ ಒಂದು ಮಾರು ದೂರದಲ್ಲಿದ್ದಳು. ಬೈಯಲಿಲ್ಲ. ಹಳೆಯ ಗಾಡಿಯ ಬ್ರೇಕ್ ಗಟ್ಟಿಯಿದೆ ಎಂಬಂತೆ ಒಮ್ಮೆ ನೋಡಿ ದಾಟಿಹೋದಳು. ಏಸಿ ಕೆಟ್ಟು ಕಿಟಕಿ ತೆರೆದಿರದಿದ್ದರೆ ನನಗೆ ಗಂಟೆ ಕೇಳುತ್ತಿರಲಿಲ್ಲ. ಹಿಂಡು ಪೂರ್ತಿ ದಾಟಿದ ಮೇಲೂ ನಾನು ಅಲ್ಲೇ ಕೂತಿದ್ದೆ. ಬಾರಾಮತಿಗೆ ಹೋಗದೆ, ಬಂದ ದಾರಿಯಲ್ಲೇ ಎತ್ತಿನಗಾಡಿಯ ವೇಗದಲ್ಲಿ ಮನೆಗೆ ಬಂದೆ. ಅದೇ ನಾನು ಹೆದ್ದಾರಿಯ ಮೇಲೆ ಗಾಡಿ ಓಡಿಸಿದ ಕೊನೆಯ ದಿನ.

ದಸರೆಗೆ ನಾಲ್ಕು ದಿನ ಮುಂಚೆ ಸೋಲಾಪುರದ ಆ ಮನುಷ್ಯನೇ ಗಾಡಿಯನ್ನು ಪಾಸಿಂಗಿಗೆ ಓಡಿಸಿಕೊಂಡು ಹೋದ. ನಾನು ಪಕ್ಕದಲ್ಲಿ ಕೂತಿದ್ದೆ. ಆರ್‌ಟಿಓದವರು ದೀಪ ನೋಡಿದರು, ಬ್ರೇಕ್ ನೋಡಿದರು, ಹೊಗೆ ನೋಡಿದರು, ಇನ್ನೈದು ವರ್ಷಕ್ಕೆ ಬರೆದುಕೊಟ್ಟರು. ಗಾಡಿ ಪಾಸಾಯಿತು.

ದಸರೆಯ ಬೆಳಿಗ್ಗೆ ಪೂಜೆಗೆಂದು ಗಾಡಿಯನ್ನು ಅದರ ಜಾಗದಿಂದ ಹಿಂದಕ್ಕೆ ತಳ್ಳಿ ನಿಲ್ಲಿಸಿದೆವು. ಹೆಂಡತಿ ನಾಲ್ಕೂ ಚಕ್ರಕ್ಕೆ ಅರಿಷಿಣ ಕುಂಕುಮ ಹಚ್ಚಿ ಚೆಂಡುಹೂವಿನ ಮಾಲೆ ಹಾಕಿದಳು. ನಮ್ಮ ಕಡೆ ಅಂದು ಬನ್ನಿ ಎಲೆ ಕೊಟ್ಟು ಹಳೆಯ ಮುನಿಸು ಬಿಡುವುದು ರೂಢಿ. ದೊಡ್ಡವರಿಗೆ ಸಣ್ಣವರು ಬಂದು ಕೊಡಬೇಕು, ಅವರ ಕೈಯಿಂದ ತಿರುಗಿ ತೆಗೆದುಕೊಳ್ಳಬೇಕು. ಮಂಡ್ಯದವರಿಗೆ ಈ ರೂಢಿ ಅಷ್ಟು ಗೊತ್ತಿಲ್ಲ, ಅವರು ತಾವಾಗಿ ಬರುವವರಲ್ಲ. ಈ ಸಲ ಹೋಗಬೇಕಾದವನೂ ನಾನೇ. ಹೆಂಡತಿ ಮಾಡಿದ್ದ ಹೋಳಿಗೆಯನ್ನು ಫ್ರಿಜ್ಜಿನ ಮೇಲಿನ ಡಬ್ಬಿಗೆ ತುಂಬಿಕೊಂಡು ಮೇಲಿನ ಮನೆಯ ಬಾಗಿಲು ತಟ್ಟಿದೆ.

ಅವನೇ ತೆರೆದ. "ಬನ್ನಿ ತಗೊಂಡು ಬಂಗಾರದಂಗ ಇರೋಣ" ಎಂದು ಎಲೆ ಕೊಟ್ಟೆ. ಅವನು ಎರಡೂ ಕೈಯಲ್ಲಿ ತೆಗೆದುಕೊಂಡು ಏನು ಮಾಡಬೇಕೆಂದು ತಿಳಿಯದೆ ಹಿಡಿದು ನಿಂತ.

"ಆ ಗೀರು ನೀ ಮಾಡಿದ್ದಲ್ಲಪಾ. ಕಂಬಕ್ಕ ನಾನೇ ತಾಗಿಸಿದ್ದೆ. ತಪ್ಪಾತು."

"ನೀವು ಅಷ್ಟು ಗ್ಯಾರಂಟಿಯಾಗಿ ಹೇಳಿದ್ರಲ್ಲ ಅಂಕಲ್, ನಾನೇ ಎಲ್ಲೋ ತಾಗಿಸಿಬಿಟ್ಟಿದ್ದೀನೇನೋ ಅಂತ ನನಗೇ ಡೌಟ್ ಬಂದುಬಿಡ್ತು. ನನ್ನ ವೈಫ್ ಮಾತ್ರ ನಂಬ್ಲೇ ಇಲ್ಲ" ಎಂದ. ಒಳಗೆ ಕರೆಯಲಿಲ್ಲ. ಡಬ್ಬಿ ತೆಗೆದುಕೊಂಡ. ಅವನ ಹೆಂಡತಿ ಒಳಗಿನಿಂದ ಹೊರಗೆ ಬರಲಿಲ್ಲ. ಅದು ನ್ಯಾಯವೇ. ಬೈಕ್ ಮತ್ತೆ ಒಳಗೆ ಬರಲು ಇನ್ನೂ ಒಂದು ತಿಂಗಳು ಹಿಡಿಯಿತು.

ಕೆಳಗಿಳಿದು ಬಂದೆ. ಹೆಂಡತಿ ಪೂಜೆಯ ತಟ್ಟೆ ಹಿಡಿದು ಕಾರಿನ ಪಕ್ಕದಲ್ಲೇ ನಿಂತಿದ್ದಳು. ಅವಳಿಗೂ ಬನ್ನಿ ಕೊಟ್ಟೆ, ಜೊತೆಗೆ ಕಾರಿನ ಕೀಲಿಯನ್ನೂ ಕೊಟ್ಟೆ.

"ಇದ್ಯಾಕ ನನಗ?"

"ನೀ ಕಲಿ. ಸ್ಕೂಟಿ ಓಡಸ್ತಿ, ಇದನ್ನೂ ಓಡಸ್ತಿ. ಹಳೇ ಗಾಡಿ, ಎಲ್ಲಿ ತಾಗಿಸಿದ್ರೂ ನಡೀತದ."

ಬೇಡ ಎನ್ನುತ್ತಾಳೆ ಎಂದುಕೊಂಡಿದ್ದೆ. ತಟ್ಟೆಯನ್ನು ಕಟ್ಟೆಯ ಮೇಲಿಟ್ಟು, ಸೀರೆಯ ನೆರಿಗೆ ಎತ್ತಿಕೊಂಡು ಹೋಗಿ ಸ್ಟೀರಿಂಗಿನ ಹಿಂದೆ ಕೂತೇಬಿಟ್ಟಳು. ನಾನು ಅವಳ ಜಾಗದಲ್ಲಿ, ಎಡಗಡೆ ಕೂತೆ. ಲೈಸೆನ್ಸಿಗೆ ಹಾಕಿದ್ದೆಲ್ಲ ಆಮೇಲೆ, ಅಂದು ಪಾರ್ಕಿಂಗಿನೊಳಗೆ ನಾಲ್ಕು ಹೆಜ್ಜೆಯಷ್ಟೇ. ಎರಡು ಸಲ ಗಾಡಿ ಜಗ್ಗಿ ಇಂಜಿನ್ ಬಂದಾಯಿತು. ಮೂರನೆಯ ಸಲ ಗಾಡಿ ಸುತಳಿ ಉಂಡೆಯ ಕಡೆಗೆ ಮೆಲ್ಲಗೆ ಸರಿಯಿತು.

"ಎಡಕ್ಕ ಕಂಬ ಅದ. ಎಷ್ಟು ಜಾಗ ಅದ ನೋಡಿ ಹೇಳ್ರಿ" ಎಂದಳು.

"ಎಡಗಡೆ ನನಗ ಕಾಣಸೂದಿಲ್ಲ" ಎಂದೆ. ಅಷ್ಟು ದಿನ ಹಲ್ಲು ಕಚ್ಚಿ ಹಿಡಿದಿದ್ದ ಮಾತು, ಬಹಳ ಸಣ್ಣದಾಗಿ ಹೊರಬಂತು. "ಎಡಗಣ್ಣು ಹೋಗೇದ. ಡಾಕ್ಟರ್ ಗಾಡಿ ಬ್ಯಾಡ ಅಂದಾರ."

ಅವಳು ಬ್ರೇಕ್ ಒತ್ತಿದಳು. ಮುಂದೆ ನೋಡುತ್ತಲೇ, "ಗೊತ್ತದ" ಎಂದಳು.

"ಎಂದಿನಿಂದ?"

"ಎರಡು ವರ್ಷ ಆತು. ಇಲ್ಲಂದ್ರ ಆ ಬೋರ್ಡ್ ಎಲ್ಲಾ ನಾ ಯಾಕ ಓದ್ತಿದ್ದೆ?"

ರಸವಂತಿ ಗೃಹ, ಸೀತಾಫಲದವನು, ಪಂಕ್ಚರ್ ಅಂಗಡಿ, ಒಳಗೆ ಬರುತ್ತಿದ್ದ ಬಸ್ಸು. ಒಂದೊಂದಾಗಿ ನೆನಪಿಸಿಕೊಂಡೆ. ಬಲಗಡೆಯ ಒಂದನ್ನೂ ಅವಳು ಎಂದೂ ಓದಿರಲಿಲ್ಲ.

"ಮತ್ತ ಹೊಸಾ ಗಾಡಿ ಬೇಕು ಅಂತ ಯಾಕ ಹಟಾ ಹಿಡದಿದ್ದಿ?"

"ಗುರುವಾರ ನಾ ಇರೂದಿಲ್ಲಲ್ರೀ ಬಾಜೂಕ" ಎಂದಳು. "ಆ ಹೊಸಾ ಗಾಡಿಯರೆ ಒದರತಿತ್ತು."

ಹಿಂದೆ ಯಾರೋ ಸ್ಕೂಟರಿನವನು ಹಾರ್ನ್ ಹೊಡೆದ. ನಾನು ಕತ್ತನ್ನು ಪೂರ್ತಿ ತಿರುಗಿಸಿ, ಬಲಗಣ್ಣಿನಿಂದ ಕಂಬವನ್ನು ನೋಡಿದೆ.

"ಒಂದು ಮೊಳ ಅದ," ಎಂದೆ. "ಬಿಡು ಮುಂದಕ್ಕ."